ಏಳು ಪಾಸಾದ ಮೇಲೆ ಹತ್ತು

ಮಲಯಾಳಂ ನಟ ಇಂದ್ರನ್ಸ್ 2023ರ ಕೊನೆಯಲ್ಲಿ ಹತ್ತನೇ ತರಗತಿಯ ತತ್ಸಮಾನ ಪರೀಕ್ಷೆಗೆ ಹೆಸರು ಕೊಟ್ಟಿದ್ದು ಕೇರಳದಲ್ಲಿ ದೊಡ್ಡ ಸುದ್ದಿಯಾಯಿತು. ಕೆಲವೇ ತಿಂಗಳ ಹಿಂದೆ ‘ಹೋಂ’ ಚಿತ್ರದ ಅಭಿನಯಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯ ವಿಶೇಷ ಉಲ್ಲೇಖ ಸಿಕ್ಕಿತ್ತು. ಮನೆಯ ಬಡತನಕ್ಕೆ ನಾಲ್ಕನೇ ತರಗತಿಯಲ್ಲೇ ಶಾಲೆ ಬಿಟ್ಟು ಹೊಲಿಗೆ ಕೆಲಸಕ್ಕೆ ಇಳಿದಿದ್ದವರು ಅವರು. ಅರ್ಜಿಯೇನೋ ಹಾಕಿದರು, ಆದರೆ ನಿಯಮ ಅಡ್ಡ ಬಂತು: ಏಳು ಪಾಸಾಗದವರು ಹತ್ತಕ್ಕೆ ಕೂರುವಂತಿಲ್ಲ. ಸರಿ, ಮೊದಲು ಏಳನೆಯದಕ್ಕೇ ಓದಿ 2024ರಲ್ಲಿ ಪಾಸಾದರು. ಆಗ ಅವರ ವಯಸ್ಸು 68.

ಈ ಸುದ್ದಿಯಲ್ಲಿ ನಟನಷ್ಟೇ ನನ್ನ ಮನಸ್ಸು ಹಿಡಿದದ್ದು ಆ ನಿಯಮ. ನಾಲ್ಕು, ಏಳು, ಹತ್ತು, ಹನ್ನೆರಡು ಎಂದು ಮೆಟ್ಟಿಲು ಕಟ್ಟಿದವರು ಮಾತ್ರ ಅಂಥ ನಿಯಮ ಮಾಡಲು ಸಾಧ್ಯ. ಶಾಲೆ ಬಿಟ್ಟವರು ಯಾವ ಮೆಟ್ಟಿಲಲ್ಲಿ ನಿಂತಿದ್ದರೋ ಅಲ್ಲಿಂದಲೇ ಮತ್ತೆ ಹತ್ತಬಹುದು.

ಇದರ ಬೇರು ಸಾಕ್ಷರತಾ ಆಂದೋಲನದಲ್ಲಿದೆ. 1990ರಲ್ಲಿ ಎರ್ನಾಕುಳಂ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಮರುವರ್ಷ ಏಪ್ರಿಲ್ 18ರಂದು ಇಡೀ ಕೇರಳವೇ ಸಾಕ್ಷರ ರಾಜ್ಯ ಎಂಬ ಘೋಷಣೆ ಕೋಳಿಕ್ಕೋಡಿನ ಮಾನಾಂಚಿರದಲ್ಲಿ ಮೊಳಗಿತು. ಘೋಷಿಸಿದವರು ಮಂತ್ರಿಯಲ್ಲ, ಆಂದೋಲನದಲ್ಲೇ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ. ಅಂಥ ಘೋಷಣೆಯ ಮರುದಿನದಿಂದಲೇ ಅಸಲಿ ಕಷ್ಟ ಶುರು. ಸಹಿ ಹಾಕಲು, ಬಸ್ಸಿನ ಬೋರ್ಡು ಓದಲು ಕಲಿತವರ ಕೈಗೆ ಮುಂದಿನ ಪುಸ್ತಕ ಕೊಡದಿದ್ದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಕೇರಳ ರಾಜ್ಯ ಸಾಕ್ಷರತಾ ಮಿಷನ್ ಆ ಮುಂದಿನ ಪುಸ್ತಕ ಕೊಟ್ಟಿತು. ಊರಿನ ಸಾಕ್ಷರತಾ ಕೇಂದ್ರದಲ್ಲಿ ‘ಪ್ರೇರಕ್’ ಎಂಬ ಕಾರ್ಯಕರ್ತರು ಶಾಲೆ ಬಿಟ್ಟವರನ್ನು ಹುಡುಕಿ ಕರೆತರುತ್ತಾರೆ. ಹತ್ತರ ಪಾಠ ಭಾನುವಾರ, ಮಕ್ಕಳಿಲ್ಲದ ಶಾಲೆಯ ಅದೇ ಬೆಂಚುಗಳಲ್ಲಿ. ಕೂಲಿಗೆ ಹೋಗುವವರಿಗೂ ಆ ದಿನ ಒದಗುತ್ತದೆ.

ಹೊರಜಗತ್ತಿಗೆ ಗೊತ್ತಿರುವುದು ಅಲ್ಲಿನ ಅಜ್ಜಿಯರು. ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ 96ರ ವಯಸ್ಸಿನಲ್ಲಿ, 2018ರ ‘ಅಕ್ಷರಲಕ್ಷಂ’ ಸಾಕ್ಷರತಾ ಪರೀಕ್ಷೆಯಲ್ಲಿ ನೂರಕ್ಕೆ 98 ಅಂಕ ತೆಗೆದರು. ಕೊಲ್ಲಂ ಜಿಲ್ಲೆಯ ಭಾಗೀರಥಿ ಅಮ್ಮ ಮೂರನೇ ತರಗತಿಯಲ್ಲಿ ಬಿಟ್ಟ ಓದನ್ನು ಮತ್ತೆ ಹಿಡಿದು, 105ರಲ್ಲಿ ನಾಲ್ಕನೇ ತರಗತಿಯ ಪರೀಕ್ಷೆ ಬರೆದರು. 275ಕ್ಕೆ 205 ಅಂಕ, ಗಣಿತದಲ್ಲಿ ಪೂರ್ತಿ ಅಂಕ! ಇಬ್ಬರಿಗೂ 2020ರಲ್ಲಿ ನಾರಿಶಕ್ತಿ ಪುರಸ್ಕಾರ ಬಂತು. ಇಬ್ಬರೂ ಈಗಿಲ್ಲ.

ಅವರ ಫೋಟೊ ನೋಡಿದಾಗೆಲ್ಲ ಮನಸ್ಸು ತುಂಬಿ ಬರುತ್ತದೆ, ನಿಜ. ಆದರೆ ತತ್ಸಮಾನ ಪರೀಕ್ಷೆಯ ಕಸುವು ಗೊತ್ತಾಗುವುದು ನಡುವಯಸ್ಸಿನವರ ಬದುಕಿನಲ್ಲಿ. 17 ತುಂಬಿದವರು ಹತ್ತಕ್ಕೆ, 22 ತುಂಬಿದವರು ಹನ್ನೆರಡಕ್ಕೆ ಸೇರಬಹುದು. ಹತ್ತರ ಪರೀಕ್ಷೆ ನಡೆಸುವುದು ಮಕ್ಕಳ ಎಸ್ಸೆಸ್ಸೆಲ್ಸಿ ನಡೆಸುವ ಅದೇ ಪರೀಕ್ಷಾ ಭವನ. ಹಾಗಾಗಿ ಪ್ರಮಾಣಪತ್ರ ನೌಕರಿಯ ಅರ್ಜಿಗೂ ಮುಂದಿನ ಓದಿಗೂ ನಡೆಯುತ್ತದೆ. ಹತ್ತು ಪಾಸಾಗಿಲ್ಲ ಎಂಬ ಒಂದೇ ಕಾರಣಕ್ಕೆ ಏನೇನು ಕೈತಪ್ಪುತ್ತದೆ ಎಂಬುದು ಗಲ್ಫಿಗೆ ಹೊರಟವರಿಗೆ ಚೆನ್ನಾಗಿ ಗೊತ್ತು. ಹತ್ತು ಮುಗಿಸದವರ ಪಾಸ್‌ಪೋರ್ಟು ಸಾಮಾನ್ಯವಾಗಿ ‘ಇಸಿಆರ್’ ವರ್ಗದ್ದು. ಸೌದಿ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅಂಥವರು ವಲಸೆ ಕಚೇರಿಯ ಅನುಮತಿ ಪಡೆಯಬೇಕು. ದುಡಿಯಲು ಹೋದವರು ಅಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳಬಾರದೆಂದೇ ಮಾಡಿದ ಏರ್ಪಾಡು ಅದು. ಆದರೂ ಮಾರ್ಕ್ಸ್ ಕಾರ್ಡ್ ಕೈಯಲ್ಲಿದ್ದವರಿಗೆ ಆ ಅಲೆದಾಟವೇ ಇಲ್ಲ.

ನಮ್ಮ ಕರ್ನಾಟಕದಲ್ಲಿ ದಾರಿ ಇಲ್ಲವೆಂದಲ್ಲ. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬಹುದು. ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, 14 ತುಂಬಿದ ಯಾರನ್ನೂ ಸೇರಿಸಿಕೊಳ್ಳುತ್ತದೆ. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಗಣಿತ ಈ ಸಲ ಆಗದಿದ್ದರೆ ಮುಂದಿನ ಸಲ, ಪಾಸಾದ ವಿಷಯ ಪಾಸಾದಂತೆಯೇ ಇರುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಫಾರಂ ತುಂಬುವುದು, ಶುಲ್ಕ ಕಟ್ಟುವುದು, ಇಂಗ್ಲಿಷು-ಗಣಿತ ಹೇಳಿಕೊಡುವವರನ್ನು ಹುಡುಕುವುದು ಎಲ್ಲವೂ ಕಲಿಯುವವರ ತಲೆಯ ಮೇಲೆ. ಮೂವತ್ತೈದರ ಹೆಂಗಸೊಬ್ಬಳು ಮನೆಗೆಲಸ, ಮಕ್ಕಳು, ಹೊಲ ಎಲ್ಲ ಮುಗಿಸಿ ಇದಕ್ಕೂ ಓಡಾಡಬೇಕು. ಓದುವ ಮನಸ್ಸಿದ್ದರೂ ಅಂಥವರು ನಡುದಾರಿಯಲ್ಲೇ ಕೈಚೆಲ್ಲುತ್ತಾರೆ. ಅವರ ಬಾಗಿಲಿಗೆ ಬಂದು ‘ಭಾನುವಾರ ಬಾರಮ್ಮ’ ಎಂದು ಕರೆಯುವ ಪ್ರೇರಕ್ ಒಬ್ಬರು ನಮಗೂ ಬೇಕು.

ಇದಕ್ಕೆ ದೂರದ ಮಾದರಿ ಹುಡುಕಬೇಕಾಗಿಲ್ಲ. ಕಾಸರಗೋಡಿನ ಕನ್ನಡಿಗರು ಕೇರಳದ ಹತ್ತನೇ ತರಗತಿಯ ತತ್ಸಮಾನ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೇ ಬರೆಯುತ್ತಾರೆ. ತಲಪಾಡಿ ಗಡಿಯ ಆಚೆ ದೊಡ್ಡವರಿಗೆ ಕನ್ನಡದಲ್ಲಿ ಹತ್ತರ ಪಾಠ ಹೇಳಿ ಅನುಭವವಿರುವವರು ಇದ್ದಾರೆ. ನಮ್ಮ ಶಿಕ್ಷಣ ಇಲಾಖೆಯ ಅಧಿಕಾರಿಗಳು ಒಂದು ಭಾನುವಾರ ಅಲ್ಲಿಯ ತರಗತಿಗೆ ಹೋಗಿ ಕುಳಿತು ಬಂದರೆ, ಕೆಲಸವನ್ನು ಎಲ್ಲಿಂದ ಶುರು ಮಾಡಬೇಕೆಂಬುದು ತಿಳಿಯುತ್ತದೆ.