ಪಾರ್ಲಿಮೆಂಟು ಸದಸ್ಯರ ಹಬ್ಬದ ಕಾಗದ

ಕೆನಡಾ ದೇಶದಲ್ಲಿ ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ಅನೇಕ ಮನೆಗಳ ಅಂಚೆಪೆಟ್ಟಿಗೆಯಲ್ಲಿ ಅಚ್ಚಾದ ಕಾಗದವೊಂದು ಬಂದು ಬೀಳುವುದುಂಟು. ಕಳುಹಿಸುವವರು ಆ ಕ್ಷೇತ್ರದ ಪಾರ್ಲಿಮೆಂಟು ಸದಸ್ಯರು. ಮೇಲುಪುಟದಲ್ಲಿ ಅವರ ಭಾವಚಿತ್ರ, ಕ್ರಿಸ್‌ಮಸ್ ಮತ್ತು ಹೊಸವರ್ಷದ ಶುಭಾಶಯ. ಒಳಪುಟ ತಿರುವಿದರೆ ಸಂಸಾರದ ಖರ್ಚಿನ ಮಾತು: ದಿನಸಿಯ ಬೆಲೆ, ಮನೆಬಾಡಿಗೆ, ಮಕ್ಕಳ ಪಾಲನೆ, ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ವೆಚ್ಚ. ಹಿಂಪುಟದಲ್ಲಿ ಊರಿನ ಸಂಗತಿ: ಬಡವರಿಗೆ ಆಹಾರ ಸಂಗ್ರಹಿಸಿದವರಿಗೆ ಕೃತಜ್ಞತೆ, ಮಕ್ಕಳಿಗೆ ಆಟಿಕೆ ಹಂಚುವ ದಿನ, ಹೊಸವರ್ಷದಂದು ಸದಸ್ಯರನ್ನು ಕಂಡು ಕೈಕುಲುಕಬಹುದಾದ ಸ್ಥಳ.

ರಾಜ್ಯಶಾಸ್ತ್ರದ ತರಗತಿಯಲ್ಲಿ ಪ್ರತಿನಿಧಿಗೂ ಮತದಾರನಿಗೂ ಇರುವ ಸಂಬಂಧವನ್ನು ಕುರಿತು ಪಾಠ ನಡೆಯುತ್ತಿದ್ದಾಗ ಇಂಥ ಕಾಗದಗಳ ವಿಷಯ ಮೊದಲು ನನ್ನ ಕಿವಿಗೆ ಬಿತ್ತು. ಆಮೇಲೆ ಕೆಲವನ್ನು ಹುಡುಕಿ ಓದಿದೆ. ಬರಿಯ ಶುಭಾಶಯಪತ್ರಗಳೆಂದು ತಳ್ಳಿಹಾಕತಕ್ಕ ವಸ್ತುವಲ್ಲ ಇವು. ಆಳುವವರು ಜನರ ಮನೆಯ ಲೆಕ್ಕವನ್ನು ತಾವೇ ಬರೆದು ಜನರ ಕೈಗೇ ಕೊಡುವ ಪದ್ಧತಿ ಇದು. ಆ ಲೆಕ್ಕದಲ್ಲಿ ಏನು ಸೇರಿದೆ, ಏನು ಬಿಟ್ಟಿದೆ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಅಂಚೆಯ ಏರ್ಪಾಡನ್ನು ಹೇಳಿಬಿಡುತ್ತೇನೆ. ಕೆನಡಾದ ಕೆಳಮನೆಯ ಸದಸ್ಯರು ವರ್ಷಕ್ಕೆ ನಾಲ್ಕು ಸಲದವರೆಗೆ ತಮ್ಮ ಕ್ಷೇತ್ರದ ಎಲ್ಲ ಮನೆಗಳಿಗೂ ಹೀಗೆ ಕಾಗದ ಕಳುಹಿಸಬಹುದು. ಅಂಚೆಯ ಖರ್ಚು ಅವರ ಕೈಯಿಂದ ಹೋಗುವುದಿಲ್ಲ. ಅದರಲ್ಲಿ ಪಕ್ಷಕ್ಕೆ ಚಂದಾ ಬೇಡುವಂತಿಲ್ಲ, ಚುನಾವಣೆಗೆ ಮತ ಯಾಚಿಸುವಂತಿಲ್ಲ. ಇದಕ್ಕಿಂತ ನನಗೆ ಹೆಚ್ಚು ಹಿಡಿಸಿದ ಅಂಶ ಇನ್ನೊಂದುಂಟು: ಪಾರ್ಲಿಮೆಂಟಿನ ವಿಳಾಸಕ್ಕೆ ತಮ್ಮ ಸದಸ್ಯರ ಹೆಸರಿನಲ್ಲಿ ಪತ್ರ ಬರೆಯುವ ಪ್ರಜೆಯೂ ಅಂಚೆಚೀಟಿ ಅಂಟಿಸಬೇಕಾಗಿಲ್ಲ. ಹೋಗುವ ದಾರಿಯೂ ಬಿಟ್ಟಿ, ಬರುವ ದಾರಿಯೂ ಬಿಟ್ಟಿ. ಡಿಸೆಂಬರ್ ನಡುವಿನಲ್ಲಿ ಸಭೆ ಮುಗಿದು ಜನವರಿ ಕೊನೆಯವರೆಗೆ ಸದಸ್ಯರು ತಮ್ಮ ಊರುಗಳಲ್ಲಿರುವುದರಿಂದ ಹಬ್ಬದ ಕಾಗದಕ್ಕೆ ಕಾಲವೂ ಅನುಕೂಲವಾಗಿ ಒದಗುತ್ತದೆ.

ಅಷ್ಟು ದೂರದ ದೇಶದ ಅಂಚೆಗೂ ನಮಗೂ ಏನು ನಂಟೆಂದು ಕೇಳುವವರಿಗೆ ಒಂದು ಮಾತು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನಲ್ಲಿ ಹುಟ್ಟಿದ ಶ್ರೀ ಚಂದ್ರ ಆರ್ಯ ಅವರು 2015ರಿಂದ 2025ರವರೆಗೆ ಆಟವಾ ನಗರದ ನೇಪಿಯನ್ ಕ್ಷೇತ್ರದ ಸದಸ್ಯರಾಗಿದ್ದರು. 2022ರ ಮೇ 19ರಂದು ಆ ಪಾರ್ಲಿಮೆಂಟಿನಲ್ಲಿ ಅವರು ಕನ್ನಡದಲ್ಲಿ ಮಾತನಾಡಿದರು. ಅದೇ ಕ್ಷೇತ್ರ 2025ರ ಏಪ್ರಿಲ್ ಚುನಾವಣೆಯಲ್ಲಿ ಪ್ರಧಾನಿ ಮಾರ್ಕ್ ಕಾರ್ನಿಯವರನ್ನು ಆರಿಸಿತು. ಆದುದರಿಂದ ಶಿರಾ ಸೀಮೆಯವರೊಬ್ಬರ ಕ್ಷೇತ್ರವಾಗಿದ್ದ ಊರಿನ ಮನೆಖರ್ಚಿನ ಬಗ್ಗೆ ನಾಲ್ಕು ಮಾತು ತಿಳಿಯುವುದು ಅಷ್ಟೇನೂ ಅಪ್ರಸ್ತುತವಾಗಲಾರದು.

ಆ ದೇಶದ ಸಂಸಾರಗಳಿಗೆ ಈಚಿನ ವರ್ಷಗಳು ಸುಲಭವಾಗಿರಲಿಲ್ಲ. 2022ರಲ್ಲಿ ಬೆಲೆಗಳು ಸರಾಸರಿ ಶೇಕಡಾ 6.8ರಷ್ಟು ಏರಿದವು, 1982ರಿಂದೀಚೆಗೆ ಅಂಥ ಏರಿಕೆ ಆಗಿರಲಿಲ್ಲ. ಅಂಗಡಿಯಲ್ಲಿ ಕೊಳ್ಳುವ ಆಹಾರದ ಬೆಲೆಯಂತೂ ಅದೇ ವರ್ಷ ಶೇಕಡಾ 9.8ರಷ್ಟು ಹೆಚ್ಚಿತು. ಬೆಲೆಯನ್ನು ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕು 2022ರ ಆರಂಭದಲ್ಲಿ ಕಾಲು ಶೇಕಡಾ ಇದ್ದ ಬಡ್ಡಿಯನ್ನು 2023ರ ಜುಲೈ ವೇಳೆಗೆ 5 ಶೇಕಡಾಕ್ಕೆ ತಂದಿತು. ಸಾಲಮಾಡಿ ಮನೆ ಕೊಂಡವರ ಗತಿಯನ್ನು ಊಹಿಸಬಹುದು. ಮುಂದೆ ಏರಿಕೆಯ ವೇಗ ತಗ್ಗಿತು ನಿಜ. ಆದರೆ ವೇಗ ತಗ್ಗುವುದೂ ಬೆಲೆ ಇಳಿಯುವುದೂ ಒಂದೇ ಅಲ್ಲವೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಗೊತ್ತಿರುವ ಸಂಗತಿ. ಹಬ್ಬದ ಕಾಗದಗಳಲ್ಲಿ ಇವೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಡುವುದು ಸುಲಭ, ಓದುವವನು ಬಿಡಿಸಿಕೊಳ್ಳಬೇಕು.

ಇನ್ನು 2024ರ ಹಬ್ಬಕ್ಕೆ ಬರೋಣ. ಆ ವರ್ಷ ನವೆಂಬರ್ 21ರಂದು ಪ್ರಧಾನಿ ಜಸ್ಟಿನ್ ಟ್ರೂಡೋ ಅವರು ಎರಡು ಕೊಡುಗೆಗಳನ್ನು ಸಾರಿದರು. ಡಿಸೆಂಬರ್ 14ರಿಂದ ಫೆಬ್ರವರಿ 15ರವರೆಗೆ ಕೆಲವು ಪದಾರ್ಥಗಳ ಮೇಲೆ ಸರಕು ಮತ್ತು ಸೇವಾ ತೆರಿಗೆ ಇರುವುದಿಲ್ಲ; ಮತ್ತು ದುಡಿಯುವವರಿಗೆ ತಲೆಗೆ 250 ಡಾಲರು ಕೊಡಲಾಗುವುದು. ಮೊದಲನೆಯದು ಕಾನೂನಾಯಿತು. ಎರಡನೆಯದು ಘೋಷಣೆಯಲ್ಲಿಯೇ ಉಳಿಯಿತು. ಯಾರ ಕೈಗೂ ಬರಲಿಲ್ಲ.

ತೆರಿಗೆ ತಪ್ಪಿದ ಪದಾರ್ಥಗಳ ಪಟ್ಟಿ ನೋಡುವಂತಿದೆ. ಹೋಟಲಿನ ಊಟ, ಸಿದ್ಧವಾದ ತಿಂಡಿ, ಮಕ್ಕಳ ಬಟ್ಟೆ, ಆಟಿಕೆ, ಪುಸ್ತಕ, ಕ್ರಿಸ್‌ಮಸ್ ಮರ, ಬಿಯರು, ದ್ರಾಕ್ಷಾಮದ್ಯ. ಹಾಲು, ಬ್ರೆಡ್ಡು, ತರಕಾರಿ, ಮೊಟ್ಟೆ ಎಲ್ಲಿ ಎಂದು ನಾನು ಹುಡುಕಿದೆ. ಅವುಗಳ ಮೇಲೆ ಮೊದಲೇ ತೆರಿಗೆ ಇರಲಿಲ್ಲ. ಮೂಲ ದಿನಸಿಗೆ ಆ ದೇಶದಲ್ಲಿ ಯಾವಾಗಲೂ ಸೊನ್ನೆ ದರ. ಅಂದಮೇಲೆ ಒಲೆಯ ಮೇಲೆ ತಾನೇ ಬೇಯಿಸಿಕೊಂಡು ತಿನ್ನುವ ಮನೆಯ ಊಟಕ್ಕೆ ಈ ಕೊಡುಗೆಯಿಂದ ಒಂದು ಕಾಸೂ ಇಳಿಯಲಿಲ್ಲ. ಹೊರಗೆ ಹೋಗಿ ತಿನ್ನುವವನಿಗೆ ಇಳಿಯಿತು.

ಇಲ್ಲಿ ಒಂದು ವಿನೋದವನ್ನು ಹೇಳದೆ ಇರಲಾರೆ. ನಮ್ಮ ಉದ್ದಿನವಡೆಯ ಹಾಗೆ ನಡುವೆ ತೂತಿರುವ ಡೋನಟ್ ಎಂಬ ಸಿಹಿತಿಂಡಿ ಅಲ್ಲಿ ಬಹು ಪ್ರಿಯ. ಒಟ್ಟಿಗೆ ಆರು ಕೊಂಡರೆ ಅದು ದಿನಸಿ, ತೆರಿಗೆಯಿಲ್ಲ. ಐದು ಕೊಂಡರೆ ತಿಂಡಿ, ತೆರಿಗೆ ಕೊಡಬೇಕು. ಇದು ಹಾಸ್ಯಗಾರರು ಕಟ್ಟಿದ್ದಲ್ಲ, ಅಲ್ಲಿನ ತೆರಿಗೆಯ ನಿಯಮ. ಒಂದೇ ಡೋನಟ್ ಕೊಳ್ಳುವ ಬಡವ ತೆರಿಗೆ ಕೊಡಬೇಕು, ಆರು ಕೊಳ್ಳಬಲ್ಲವನಿಗೆ ಮಾಫಿ! ಆ ಎರಡು ತಿಂಗಳು ಮಾತ್ರ ಒಂದಕ್ಕೂ ಆರಕ್ಕೂ ಸಮಾನತೆ ಬಂದಿತ್ತು.

ಉಳಿತಾಯವೆಷ್ಟು ಎಂಬುದನ್ನು ಗುಣಿಸಿ ನೋಡೋಣ. ಆಲ್ಬರ್ಟಾ ಪ್ರಾಂತದಲ್ಲಿ ಈ ತೆರಿಗೆ ಶೇಕಡಾ 5. ಆಂಟೇರಿಯೋದಲ್ಲಿ ಪ್ರಾಂತದ ತೆರಿಗೆಯೂ ಕೂಡಿ ಶೇಕಡಾ 13. ಪಟ್ಟಿಯಲ್ಲಿರುವ ಪದಾರ್ಥಗಳಿಗೆ ಎರಡು ತಿಂಗಳಲ್ಲಿ 2,000 ಡಾಲರು ಖರ್ಚುಮಾಡುವ ಸಂಸಾರಕ್ಕೆ ಆಲ್ಬರ್ಟಾದಲ್ಲಿ 100 ಡಾಲರು, ಆಂಟೇರಿಯೋದಲ್ಲಿ 260 ಡಾಲರು ಉಳಿಯುತ್ತದೆ. ಕಾಗದದಲ್ಲಿ ಬರೆಯಲು ಈ ಅಂಕೆ ಚೆನ್ನಾಗಿದೆ. ಆದರೆ ಹಬ್ಬಕ್ಕೆ ಮಗುವಿಗೊಂದು ಅಂಗಿ, ಒಂದು ಗೊಂಬೆ, ಒಂದು ಹೊತ್ತು ಹೊರಗಿನ ಊಟ, ಎಲ್ಲಾ ಸೇರಿ 200 ಡಾಲರಿಗೆ ಮುಗಿಸಬೇಕಾದ ಸಂಸಾರಕ್ಕೆ ಆಲ್ಬರ್ಟಾದಲ್ಲಿ ಉಳಿದದ್ದು 10 ಡಾಲರು. ಖರ್ಚುಮಾಡಬಲ್ಲವನಿಗೆ ಉಳಿತಾಯವೂ ದೊಡ್ಡದು. ಎರಡೂ ಮನೆಗಳಿಗೆ ಹೋಗುವ ಕಾಗದ ಮಾತ್ರ ಒಂದೇ. ಸಣ್ಣ ಅಂಗಡಿಯವರು ವರ್ಷದ ಅತ್ಯಂತ ಬಿರುಸಿನ ವ್ಯಾಪಾರದ ಹೊತ್ತಿನಲ್ಲಿ ಬಿಲ್ಲಿನ ಯಂತ್ರವನ್ನು ಒಮ್ಮೆ ತಿದ್ದಿ, ಎರಡು ತಿಂಗಳಾದಮೇಲೆ ಮತ್ತೆ ಹಿಂದಕ್ಕೆ ತಿದ್ದಬೇಕಾಯಿತು; ಆ ಗೊಣಗಾಟವೂ ಇತ್ತು.

ಅದೇ ಡಿಸೆಂಬರಿನಲ್ಲಿ ಇನ್ನೊಂದು ಕಾಗದವೂ ಪ್ರಸಿದ್ಧವಾಯಿತು. ಹಣಕಾಸಿನ ಮಂತ್ರಿಣಿ ಕ್ರಿಸ್ಟಿಯಾ ಫ್ರೀಲ್ಯಾಂಡ್ ಅವರು 16ನೆಯ ತಾರೀಖು, ತೆರಿಗೆಮಾಫಿ ಆರಂಭವಾದ ಮೂರನೆಯ ದಿನ, ರಾಜೀನಾಮೆ ಕೊಟ್ಟರು. ಅಮೆರಿಕದ ಸುಂಕದ ಬೆದರಿಕೆ ಎದುರಿಗಿರುವಾಗ ದುಬಾರಿಯಾದ ರಾಜಕೀಯ ಚಮತ್ಕಾರಗಳಿಗೆ ಹಣ ಚೆಲ್ಲಬಾರದೆಂಬ ಅರ್ಥದ ಮಾತು ಅವರ ಪತ್ರದಲ್ಲಿತ್ತು. ಮನೆಮನೆಗೆ ಹಬ್ಬದ ಕೊಡುಗೆಯ ಸುದ್ದಿ ಹೋಗುತ್ತಿದ್ದ ಹೊತ್ತಿಗೆ ಬೊಕ್ಕಸದ ಬೀಗದಕೈ ಹಿಡಿದವರೇ ಬೇರೆ ಮಾತು ಬರೆದಿದ್ದರು. ಮೂರು ವಾರದೊಳಗೆ, 2025ರ ಜನವರಿ 6ರಂದು, ಟ್ರೂಡೋ ಅವರೂ ತಾವು ಅಧಿಕಾರ ಬಿಡುವುದಾಗಿ ತಿಳಿಸಿದರು.

ಎರಡು ಪಕ್ಷಗಳ ಕಾಗದಗಳನ್ನು ಪಕ್ಕದಲ್ಲಿಟ್ಟು ಓದಿದರೆ ಮತ್ತೊಂದು ಪಾಠ ದೊರೆಯುತ್ತದೆ. ಆ ವರ್ಷಗಳಲ್ಲಿ ಹೊಗೆ ಉಗುಳುವ ಇಂಧನದ ಮೇಲೆ ಅಲ್ಲಿ ಇಂಗಾಲದ ತೆರಿಗೆ ಇತ್ತು. 2024ರ ಏಪ್ರಿಲಿನಿಂದ ಪೆಟ್ರೋಲಿನ ಲೀಟರಿಗೆ ಅದು 17.6 ಸೆಂಟು. ಹಾಗೆ ಕೂಡಿದ ಹಣದ ಬಹುಭಾಗವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಮನೆಗಳಿಗೆ ಹಿಂದಿರುಗಿಸುತ್ತಿತ್ತು. ಆಂಟೇರಿಯೋದ ನಾಲ್ವರ ಸಂಸಾರಕ್ಕೆ ಆ ವರ್ಷ 1,120 ಡಾಲರು. ವಿರೋಧಪಕ್ಷದವರು 17.6 ಸೆಂಟನ್ನು ಎತ್ತಿ ಹೇಳಿದರು. ಆಳುವ ಪಕ್ಷದವರು 1,120 ಡಾಲರನ್ನು ಎತ್ತಿ ಹೇಳಿದರು. ಪಾರ್ಲಿಮೆಂಟಿನ ಆಯವ್ಯಯಾಧಿಕಾರಿಯ ವರದಿಯನ್ನು ಇಬ್ಬರೂ ಸಾಕ್ಷಿಗೆ ಕರೆದರು, ಒಬ್ಬೊಬ್ಬರು ಒಂದೊಂದು ಕೋಷ್ಟಕವನ್ನು ತೋರಿಸಿ. ಒಂದೇ ಬೀದಿ, ಒಂದೇ ಕಾರು, ಒಂದೇ ಸಂಸಾರ. ಒಂದು ಮಾತಿನಂತೆ ಅದು ಮುಳುಗುತ್ತಿದೆ, ಇನ್ನೊಂದರಂತೆ ತೇಲುತ್ತಿದೆ. ಇಬ್ಬರೂ ಸುಳ್ಳು ಹೇಳಲಿಲ್ಲವೆಂಬುದೇ ಇದರಲ್ಲಿ ಕಷ್ಟದ ಭಾಗ. ಕೊನೆಗೆ 2025ರ ಏಪ್ರಿಲ್ 1ರಿಂದ ಆ ತೆರಿಗೆ ಜನಸಾಮಾನ್ಯರ ಇಂಧನದ ಮೇಲೆ ನಿಂತಿತು. ಅದೇ ತಿಂಗಳ ಕಂತಿನೊಡನೆ ಹಿಂದಿರುಗುತ್ತಿದ್ದ ಹಣವೂ ನಿಂತಿತು. ಆಮೇಲೆ ಬಂದ ಸರ್ಕಾರ ಜುಲೈ 1ರಿಂದ ಆದಾಯತೆರಿಗೆಯ ಅತಿ ಕೆಳಗಿನ ದರವನ್ನು ಶೇಕಡಾ 15ರಿಂದ 14ಕ್ಕೆ ಇಳಿಸಿತು. ಲೆಕ್ಕದ ಸಾಲುಗಳು ಬದಲಾದವು.

ಹಿಂಪುಟದ ಊರಿನ ಸಂಗತಿಯನ್ನು ಓದುವಾಗ ನನಗೆ ಬೇರೆ ಭಾವನೆ. ಆಹಾರದ ಬ್ಯಾಂಕುಗಳೆಂಬ ಧರ್ಮಸಂಸ್ಥೆಗಳು ಆ ದೇಶದಲ್ಲಿ ಡಬ್ಬಿಯ ಆಹಾರ, ಧಾನ್ಯ ಮುಂತಾದುವನ್ನು ಸಂಗ್ರಹಿಸಿ ಇಲ್ಲದವರಿಗೆ ಹಂಚುತ್ತವೆ. 2024ರ ಮಾರ್ಚ್ ಒಂದೇ ತಿಂಗಳಲ್ಲಿ ಜನ ಅವುಗಳ ಬಾಗಿಲಿಗೆ 20 ಲಕ್ಷಕ್ಕೂ ಹೆಚ್ಚು ಸಲ ಬಂದರು. 2019ರ ಮಾರ್ಚಿಗಿಂತ ಇದು ಶೇಕಡಾ 90ರಷ್ಟು ಹೆಚ್ಚು. ಬಂದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು. ಅಷ್ಟು ಶ್ರೀಮಂತ ದೇಶದಲ್ಲಿ ಹೀಗಿರುವುದನ್ನು ಓದಿ ನಾನು ಅಂಕೆಯನ್ನು ಎರಡು ಸಲ ನೋಡಿದೆ. ಒಳಪುಟದಲ್ಲಿ ಸಂಸಾರಗಳಿಗೆ ನೆರವಾಯಿತೆಂದು ಬರೆದು, ಹಿಂಪುಟದಲ್ಲಿ ಆಹಾರ ಹಂಚಿದ ಸ್ವಯಂಸೇವಕರನ್ನು ಹೊಗಳುವ ಕಾಗದ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತದೆ. ಸ್ವಯಂಸೇವಕರ ಕೆಲಸ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಅವರ ಮುಂದಿನ ಸಾಲು ಉದ್ದವಾದಷ್ಟೂ ಪ್ರತಿನಿಧಿಯ ಶುಭಾಶಯ ಗಿಡ್ಡವಾಗಬೇಕೆಂದು ನನಗೆ ತೋರುತ್ತದೆ.

ಈ ವಿಷಯ ನನ್ನನ್ನು ಇಷ್ಟು ಹಿಡಿದುದಕ್ಕೆ ಕಾರಣ ನಮ್ಮ ಮನೆಯಲ್ಲಿದೆ. ಅಪ್ಪನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತದೆ. ಅವ್ವನಿಗೆ ಅದೂ ಇಲ್ಲ. ಹಾಲಿನ ಲೆಕ್ಕವನ್ನು ಆಕೆ ಕ್ಯಾಲೆಂಡರಿನ ಮೇಲೆ ಗೀಟೆಳೆದು ಇಡುತ್ತಾಳೆ. ಆ ಗೀಟು ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿಲ್ಲ. ಮನೆಗೆ ಬರುವ ಅಚ್ಚಿನ ಕಾಗದವೆಲ್ಲ ನನ್ನ ಬಾಯಿಂದಲೇ ಅವರಿಗೆ ತಿಳಿಯಬೇಕು. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ನಮ್ಮ ದೇಶದಲ್ಲಿಯೂ ಸರಕು ಮತ್ತು ಸೇವಾ ತೆರಿಗೆಯ ದರಗಳು ಬದಲಾದುವಷ್ಟೆ. ಪತ್ರಿಕೆಯನ್ನು ಓದಿ ಹೇಳಿದೆ. ಅವ್ವ ಕೇಳಿದಳು:

“ಅಕ್ಕಿಗೆ ಎಷ್ಟು ಇಳೀತಪ್ಪ?”

“ನಾವು ತರೋದು ಬಿಡಿ ಅಕ್ಕಿ. ಅದಕ್ಕೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ.”

“ಹಂಗಾದ್ರೆ ಇಳಿದದ್ದು ಯಾವುದಕ್ಕೆ?”

“ಮೈಸೋಪು, ತಲೆಗೆ ಹಚ್ಚೋ ಎಣ್ಣೆ, ಹಲ್ಲುಜ್ಜೋ ಪೇಸ್ಟು. ಹದಿನೆಂಟು ಇದ್ದದ್ದು ಐದು ಆಗ್ಯದೆ.”

ಅವ್ವ ಸ್ವಲ್ಪ ಹೊತ್ತು ಬೆರಳೆಣಿಸಿದಳು. “ಒಂದು ಸೋಪು ನಮಗೆ ಹದಿನೈದು ದಿನ ಬರ್ತದೆ. ಅನ್ನ ದಿನಾ ಎರಡು ಹೊತ್ತು” ಎಂದಳು.

ಕೆನಡಾದ ತೆರಿಗೆಮಾಫಿಯ ಪಟ್ಟಿಯನ್ನು ಅರ್ಥಮಾಡಿಕೊಳ್ಳಲು ನನಗೆ ಯಾವ ಪುಸ್ತಕಕ್ಕಿಂತಲೂ ಹೆಚ್ಚಾಗಿ ಈ ಪ್ರಶ್ನೆ ಸಹಾಯಮಾಡಿತು. ಯಾವುದಕ್ಕೆ ಇಳಿಯಿತು, ಅದು ನಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತದೆ, ಎಷ್ಟು ದಿನಕ್ಕೊಮ್ಮೆ: ಈ ಮೂರನ್ನು ಕೇಳಿದರೆ ಆಟವಾದಿಂದ ಬಂದ ಕಾಗದವಾಗಲಿ ದೆಹಲಿಯ ಪ್ರಕಟಣೆಯಾಗಲಿ ತನ್ನ ನಿಜವಾದ ತೂಕಕ್ಕೆ ಬಂದುಬಿಡುತ್ತದೆ. ಓದು ಬಾರದ ಆಕೆಗೆ ಲೆಕ್ಕ ಬಂತು. ಓದಿಹೇಳುವವನಿಲ್ಲದ ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳುವವರು ಯಾರು?

ನಮ್ಮ ಕಡೆ ಹಬ್ಬ ಬಂದಾಗ ಪ್ರತಿನಿಧಿಗಳ ಶುಭಾಶಯ ಬರುವುದು ನಾಲ್ಕುದಾರಿ ಕೂಡುವಲ್ಲಿ ಕಟ್ಟಿದ ಫ್ಲೆಕ್ಸಿನ ಮೇಲೆ. ಅದರಲ್ಲಿ ಮುಖಗಳು ಬಹಳ, ಲೆಕ್ಕ ಇಲ್ಲ. ಕೆನಡಾದ ಕಾಗದದಲ್ಲಿ ಲೆಕ್ಕ ಅರೆಬರೆಯಾಗಿಯಾದರೂ ಇದೆ. ಅದನ್ನು ಪರೀಕ್ಷಿಸಲು ಎದುರುಪಕ್ಷದ ಕಾಗದವೂ ಇದೆ. ಕೆಲವು ಸದಸ್ಯರು ಕೊನೆಯ ಪುಟದಲ್ಲಿ ಹರಿದು ಕಳುಹಿಸಬಹುದಾದ ತುಂಡೊಂದನ್ನು ಬಿಟ್ಟು, ನಿಮ್ಮ ಮನೆಯ ಖರ್ಚಿನಲ್ಲಿ ಯಾವುದು ಹೆಚ್ಚಾಗಿ ಬಾಧಿಸುತ್ತಿದೆಯೆಂದು ಕೇಳಿರುತ್ತಾರೆ. ಬರೆದು ಪೆಟ್ಟಿಗೆಗೆ ಹಾಕಿದರಾಯಿತು, ಅಂಚೆಚೀಟಿ ಬೇಡ. ಅಂಥ ತುಂಡೊಂದು ನಮ್ಮ ಮನೆಗೆ ಬಂದರೆ ಏನು ಬರೆಯಿಸುತ್ತೀಯೆಂದು ಅವ್ವನನ್ನು ಕೇಳಿದೆ. ಗ್ಯಾಸು, ಬೇಳೆ, ತಂಗಿಯ ಕಾಲೇಜಿನ ಫೀಜು ಎಂದು ಒಂದೇ ಉಸಿರಿಗೆ ಹೇಳಿ, “ಜಾಗ ಎಷ್ಟು ಬಿಟ್ಟವ್ರೆ?” ಎಂದು ಕೇಳಿದಳು.