ನರ್ಸಿಂಗ್ ವ್ಯಾಸಂಗ: ಹಣ ಕಟ್ಟುವ ಮುನ್ನ

ಹನ್ನೆರಡನೆಯ ತರಗತಿಯ ಫಲಿತಾಂಶ ಹೊರಬೀಳುವ ಕಾಲ ಬಂತೆಂದರೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದು ಚಿಂತೆ ತಲೆದೋರುತ್ತದೆ: ಮಗಳನ್ನು ಮುಂದೆ ಏನು ಓದಿಸುವುದು? ಮೊನ್ನೆ ಹೋಟೆಲೊಂದರಲ್ಲಿ ಕಾಫಿಯ ಹಣ ತೆರಲು ಹೋದಾಗ, ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಹಿರಿಯರು ನಮ್ಮನ್ನು ತಡೆದು, ಬಣ್ಣಬಣ್ಣದ ಪುಸ್ತಿಕೆಯೊಂದನ್ನು ಮುಂದಿಟ್ಟರು. "ಸ್ವಾಮಿ, ಊರ ಕಡೆಯ ನರ್ಸಿಂಗ್ ಕಾಲೇಜಂತೆ. ಈ ವಾರವೇ ಮುಂಗಡ ಕಟ್ಟಬೇಕಂತೆ. ಕಟ್ಟಬಹುದೋ?" ಎಂದು ಕೇಳಿದರು. ಪುಸ್ತಿಕೆಯಲ್ಲಿ ಭವ್ಯ ಕಟ್ಟಡವಿತ್ತು, ಉದ್ಯಾನವಿತ್ತು, ಬಸ್ಸೂ ಇತ್ತು. ಆದರೆ ಎಷ್ಟು ಹುಡುಕಿದರೂ ಆಸ್ಪತ್ರೆಯೊಂದು ಕಾಣಲಿಲ್ಲ. "ತುಸು ತಾಳಿರಿ" ಎಂದೆವು. ಏಕೆ ತಾಳಬೇಕೆಂಬುದನ್ನು ಎಲ್ಲ ತಂದೆತಾಯಿಗಳಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ನರ್ಸಿಂಗ್ ಎಂಬ ಒಂದೇ ಹೆಸರಿನಡಿ ಹಲವು ಶಿಕ್ಷಣಕ್ರಮಗಳಿವೆ. 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ವಿಶ್ವವಿದ್ಯಾಲಯದ ಪದವಿ. ಅದಕ್ಕೆ ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. 3 ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಕಲಾ ವಿಭಾಗದಲ್ಲಿ ಓದಿದವರೂ ಸೇರಬಹುದು. ಇವೆರಡರಲ್ಲಿ ಯಾವುದನ್ನು ಮುಗಿಸಿದರೂ ನೋಂದಾಯಿತ ನರ್ಸ್ ಆಗಬಹುದು. ಆದರೆ 2 ವರ್ಷಗಳ ಎ.ಎನ್.ಎಂ. ಬೇರೆಯೇ ದರ್ಜೆಯದು. ಅದನ್ನೇ ತೋರಿಸಿ 'ನರ್ಸ್ ಆಗಬಹುದು' ಎನ್ನುವ ಮಧ್ಯವರ್ತಿಗಳ ಮಾತನ್ನು ನಂಬಬಾರದು.

ಹಾಗಾದರೆ ಪದವಿಯೋ ಡಿಪ್ಲೊಮಾವೋ? ಮನೆಯ ಅನುಕೂಲ ನೋಡಿ ನಿರ್ಧರಿಸುವುದೇ ವಿವೇಕ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಅಧಿಕಾರಿಯ ಹುದ್ದೆಗೆ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನೋಂದಾಯಿಸಿಕೊಂಡವರು ನೇರವಾಗಿ ಅರ್ಜಿ ಹಾಕಬಹುದು. ಡಿಪ್ಲೊಮಾದವರಿಗೆ ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ 2 ವರ್ಷಗಳ ಅನುಭವ ಬೇಕು. ಆದರೂ ಡಿಪ್ಲೊಮಾ ಪಡೆದವರಿಗೆ ಬಾಗಿಲು ಮುಚ್ಚಿಲ್ಲ. ಸಂಪಾದನೆಗೆ ತೊಡಗಿದ ಬಳಿಕವೂ ಅವರು 2 ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಿ ಪದವೀಧರರಾಗಬಹುದು.

ಎರಡನೆಯದು ಮಾನ್ಯತೆ. ಹೊರನಾಡಿನಲ್ಲಿರುವ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ನರ್ಸ್ ಆಗಿ ಕೆಲಸ ಮಾಡಲು ಪದವಿ ಪತ್ರವೊಂದೇ ಸಾಲದು, ರಾಜ್ಯದ ನರ್ಸಿಂಗ್ ಪರಿಷತ್ತಿನ ದಾಖಲೆಯಲ್ಲಿ ಹೆಸರು ಸೇರಬೇಕು. ಮಗಳು ಕರ್ನಾಟಕದಲ್ಲಿ ಓದಿ ಮುಂಬಯಿಗೆ ಮರಳಿದರೆ, ಮಹಾರಾಷ್ಟ್ರ ನರ್ಸಿಂಗ್ ಪರಿಷತ್ತಿನಲ್ಲಿ ಮತ್ತೆ ಹೆಸರು ನೋಂದಾಯಿಸಬೇಕಾಗುತ್ತದೆ. ಆಗ ಕಾಲೇಜಿನ ಮಾನ್ಯತೆಯ ಪ್ರಶ್ನೆ ಏಳುತ್ತದೆ. ಆದುದರಿಂದ ಮೂರು ಕಡೆ ವಿಚಾರಿಸಬೇಕು: 1947ರ ಕಾಯಿದೆಯಂತೆ ಸ್ಥಾಪಿತವಾದ ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ? ಆ ರಾಜ್ಯದ ಪರಿಷತ್ತು ಅದನ್ನು ಒಪ್ಪಿದೆಯೇ? ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಹಾರಾಷ್ಟ್ರದಲ್ಲಿ ನಾಸಿಕದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಇಂಥ ವಿಶ್ವವಿದ್ಯಾಲಯಕ್ಕೆ ಅದು ಸೇರಿದೆಯೇ? ಭಾರತೀಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಅಧಿಕಾರ ಯಾರ ಕೈಯಲ್ಲಿದ್ದರೂ ಈ ವಿಚಾರಣೆ ತಪ್ಪದು. ಮಗಳು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ನೋಡಬೇಕು. ಹಳೆಯ ವರ್ಷದ ಪ್ರಮಾಣಪತ್ರ ಗೋಡೆಯ ಮೇಲೆ ತೂಗುತ್ತಿದ್ದರೆ ಸಾಲದು.

ಮೂರನೆಯದು ಆಸ್ಪತ್ರೆ. ಈಜನ್ನು ದಡದ ಮೇಲೆ ಕುಳಿತು ಕಲಿಯಲಾಗದು, ಶುಶ್ರೂಷೆಯನ್ನು ಕೊಠಡಿಯಲ್ಲಿ ಕುಳಿತು ಕಲಿಯಲಾಗದು. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಎಷ್ಟು ಹಾಸಿಗೆಗಳು, ಅವುಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ಹೆರಿಗೆಯ ವಿಭಾಗವೂ ಮಕ್ಕಳ ವಿಭಾಗವೂ ಇವೆಯೇ ಎಂಬುದನ್ನು ಕಣ್ಣಾರೆ ಕಂಡು ಬರಬೇಕು. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಪಕ್ಕಕ್ಕೆ ಕರೆದು, "ವಾರಕ್ಕೆ ಎಷ್ಟು ದಿನ ವಾರ್ಡಿಗೆ ಹೋಗುತ್ತೀಯಮ್ಮ?" ಎಂದು ಕೇಳಿದರೆ, ಪುಸ್ತಿಕೆ ಹೇಳದ ಸತ್ಯ ಹೊರಬೀಳುತ್ತದೆ.

ಇನ್ನು ಪ್ರವೇಶದ ಮಾತು. ಮಹಾರಾಷ್ಟ್ರದಲ್ಲಿ ಬಿ.ಎಸ್ಸಿ. ನರ್ಸಿಂಗ್‌ಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಕರ್ನಾಟಕದಲ್ಲಿ ಪ್ರವೇಶದ ಕೆಲಸ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಈ ಪ್ರಾಧಿಕಾರವು ಹೊರನಾಡು ಮತ್ತು ಗಡಿನಾಡು ಕನ್ನಡಿಗ ಅಭ್ಯರ್ಥಿಗಳಿಗೆ ಕನ್ನಡ ಭಾಷಾ ಪರೀಕ್ಷೆಯನ್ನು ನಡೆಸುತ್ತದೆ. ಮನೆಯಲ್ಲಿ ಮಕ್ಕಳಿಗೆ ಕನ್ನಡ ಓದುಬರಹ ಕಲಿಸಿದವರ ಶ್ರಮ ಇಲ್ಲಿ ಕೈಗೂಡುವ ಸಂಭವವುಂಟು. ಯಾರು ಅರ್ಹರೆಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ಓದಬೇಕು. ಹೆಣ್ಣುಮಕ್ಕಳಿಗೆ ಸೇನೆಯ ನರ್ಸಿಂಗ್ ಕಾಲೇಜುಗಳೂ ಇವೆ. ಮುಂಬಯಿಯ ಐ.ಎನ್.ಎಚ್.ಎಸ್. ಅಶ್ವಿನಿ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಬೆಂಗಳೂರಿನ ಕಮಾಂಡ್ ಆಸ್ಪತ್ರೆ ಅವುಗಳಲ್ಲಿ ಕೆಲವು. ಅಲ್ಲಿಗೆ ನೀಟ್ ಪರೀಕ್ಷೆ ಬರೆದಿರಬೇಕು, ಕಲಿತ ಮೇಲೆ ಸೇನೆಯಲ್ಲಿ ಸೇವೆ ಸಲ್ಲಿಸುವ ಕರಾರಿಗೂ ಒಪ್ಪಬೇಕು. ಇವೆಲ್ಲಕ್ಕೂ ಅರ್ಜಿಯ ಗಡುವು ಫಲಿತಾಂಶಕ್ಕೆ ಮೊದಲೇ ಮುಗಿದುಹೋಗುವುದುಂಟು. ಹನ್ನೆರಡನೆಯ ತರಗತಿಯ ಆರಂಭದಲ್ಲೇ ಎಚ್ಚರಗೊಳ್ಳಬೇಕು.

ಹಣದ ವಿಷಯದಲ್ಲಿ ಎರಡು ಮಾತು. ಬೋಧನಾ ಶುಲ್ಕ, ವಸತಿಗೃಹ, ಸಮವಸ್ತ್ರ, ಪರೀಕ್ಷಾ ಶುಲ್ಕ ಎಲ್ಲವನ್ನೂ ವ್ಯಾಸಂಗ ಮುಗಿಯುವವರೆಗೆ ಲೆಕ್ಕ ಹಾಕಿ, ಬರಹದಲ್ಲಿ ಪಡೆಯಿರಿ. ಕಟ್ಟಿದ ಪ್ರತಿ ರೂಪಾಯಿಗೂ ಕಾಲೇಜಿನ ರಸೀದಿ ಇರಲಿ. ಅಂಕಪಟ್ಟಿಯ ಮೂಲಪ್ರತಿಯನ್ನು ತೋರಿಸಿ ಮರಳಿ ಪಡೆಯಿರಿ, ಯಾರ ಕಪಾಟಿನಲ್ಲೂ ಬಿಟ್ಟುಬರಬೇಡಿರಿ. ನಮ್ಮ ಪರಿಚಯದ ಗುಮಾಸ್ತರೊಬ್ಬರ ಮಗಳು ಮೊದಲ ವರ್ಷದಲ್ಲೇ ಆ ಕಾಲೇಜು ತನಗೆ ಬೇಡವೆಂದು ಹೊರಬರಬಯಸಿದಾಗ, ಮೂಲಪತ್ರಗಳನ್ನು ಕೊಡಲು ಸಂಸ್ಥೆಯವರು ಉಳಿದ ವರ್ಷಗಳ ಶುಲ್ಕವನ್ನೂ ಕೇಳಿದರು. ಆ ತಂದೆ ಊರಿನ ತೋಟದ ಮೇಲೆ ಸಾಲ ಎತ್ತಿದ್ದವರು.

ಕೊನೆಯದಾಗಿ, ಮಗಳನ್ನೇ ಕೇಳಿರಿ. ರಾತ್ರಿಯ ಪಾಳಿ, ರಕ್ತ, ನರಳಾಟ, ಕೆಲವೊಮ್ಮೆ ಸಾವು, ಇವನ್ನು ಪ್ರತಿದಿನ ಕಾಣುವ ವೃತ್ತಿಯಿದು. ಒಪ್ಪಿ ಬಂದವಳಿಗೆ ಗೌರವದ ಜೀವನ, ಒಲ್ಲದವಳಿಗೆ ಸೆರೆಮನೆ.

ಗಲ್ಲಾಪೆಟ್ಟಿಗೆಯ ಹಿರಿಯರು ಮುಂಗಡ ಕಟ್ಟಲಿಲ್ಲ. ಎರಡು ದಿನ ರಜೆ ಹಾಕಿ, ಮಗಳೊಡನೆ ಆ ಕಾಲೇಜನ್ನು ನೋಡಿ ಬಂದರು. "ಕಟ್ಟಡ ಚೆನ್ನಾಗಿದೆ ಸ್ವಾಮಿ. ಆದರೆ ಆಸ್ಪತ್ರೆಯ ಹಾಸಿಗೆಗಳ ಮೇಲೆ ಧೂಳು ಕೂತಿದೆ" ಎಂದರು. ಈಗ ಬೇರೊಂದನ್ನು ಹುಡುಕುತ್ತಿದ್ದಾರೆ. ಎರಡು ದಿನಗಳ ಸಂಬಳ ಹೋಯಿತು, ನಾಲ್ಕು ವರ್ಷಗಳು ಉಳಿದವು.