ಕೂರಿಗೆ ಬಟ್ಟಲಿಗೆ ಯಾವ ಅಂಟು? ಅಂಗಡಿಗೆ ಹೋಗೋ ಮೊದಲು ಮೂರು ಪ್ರಶ್ನೆ

ಮುನವಳ್ಳಿಯ ನಮ್ಮ ಎರಿ ಹೊಲದಾಗ ಮುಂಗಾರಿಗೆ ಹೆಸರು ಬಿತ್ತುತ್ತೇವೆ. ಒಂದು ವರ್ಷ ಬಿತ್ತಿಗೆ ಮೊದಲು ಕೂರಿಗೆಯ ಬೀಜದ ಬಟ್ಟಲು ಸೀಳಿತ್ತು. ಮನೆಯಾಗ ಇದ್ದ ಬಿಳಿ ಅಂಟು ಹಚ್ಚಿ, ಹಗ್ಗ ಬಿಗಿದು ಒಣಗಿಸಿದೆ. ಕಲ್ಲಿನಂಗ ಹಿಡಿದಿತ್ತು. ಆಮೇಲೆ ಎರಡು ರಾತ್ರಿ ಮಳಿಯಾಗ ಕೂರಿಗೆ ಅಂಗಳದಲ್ಲೇ ನೆನೆಯಿತು. ಹದ ಬಂದ ದಿನ ಎತ್ತು ಹೂಡಿದರೆ, ನಾಲ್ಕು ಸಾಲು ಮುಗಿಯೋದರೊಳಗೆ ಬಟ್ಟಲು ಎರಡು ಹೋಳು! ಹದ ಇದ್ದ ಒಂದು ದಿನ ಸುಮ್ಮನೆ ಹೋಯಿತು.

ಓಣಿಯ ಬಡಿಗ ಕಾಕಾ ನೋಡಿ ನಕ್ಕರು: "ತಮ್ಮಾ, ಅಂಟಿಂದೇನ ತಪ್ಪಿಲ್ಲ. ಮನಿಯಾಗಿನ ಕುರ್ಚಿಗೆ ಹಚ್ಚೂದನ್ನ ಕೂರಿಗಿಗೆ ಹಚ್ಚೀದಿ."

ಮಾತು ಖರೆ. ಸಾಮಾನ್ಯ ಬಿಳಿ ಅಂಟು, ಅಂದರೆ ಪಿವಿಎ, ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಕಣಗಳು. ನೀರು ಆರಿದಾಗ ಕಣಗಳು ಕೂಡಿಕೊಂಡು ಕಟ್ಟಿಗೆ ಹಿಡಿಯುತ್ತವೆ. ಮತ್ತೆ ನೀರು ಕುಡಿದರೆ ಮೆತ್ತಗಾಗುತ್ತವೆ. ಅದಕ್ಕೇ ಅಂಟು ಕೊಳ್ಳುವ ಮೊದಲು ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ನೀರು ತಾಗುತ್ತದೆಯೇ?
ಮನೆಯೊಳಗಿನ ಕಪಾಟು, ಕುರ್ಚಿಗೆ ಬಿಳಿ ಅಂಟು ಸಾಕು, ಅಗ್ಗವೂ ಹೌದು. ಕೂರಿಗೆ, ಜೇನುಪೆಟ್ಟಿಗೆ, ದನದ ಕೊಟ್ಟಿಗೆಯ ಬಾಗಿಲಿಗೆ 'ವಾಟರ್‌ಪ್ರೂಫ್' ಎಂದು ಬರೆದ ಕಟ್ಟಿಗೆ ಅಂಟೇ ಬೇಕು. ಕೆಲವು ಡಬ್ಬಿಗಳ ಮೇಲೆ ಡಿ3, ಡಿ4 ಎಂದಿರುತ್ತದೆ. ಡಿ4 ನೀರಿಗೆ ಹೆಚ್ಚು ತಡೆಯುತ್ತದೆ.

2. ಸಂದಿ ಎಷ್ಟಿದೆ?
ಬಿಳಿ ಅಂಟು ಬಿಗಿಯಾಗಿ ಕೂತ ಜೋಡಣೆಗೆ ಮಾತ್ರ. ಸಂದಿ ತುಂಬಲು ಎರಡು ಟ್ಯೂಬಿನ ಎಪಾಕ್ಸಿ ತನ್ನಿ. ಪ್ಯಾಕೆಟ್ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ. ಬೇಗ ಗಟ್ಟಿಯಾಗಲಿ ಅಂತ ಒಂದನ್ನು ಹೆಚ್ಚು ಹಾಕಿದರೆ ಜೋಡಣೆ ಕೆಡುತ್ತದೆ. ಕೈಗೆ ಗ್ಲೌಸ್ ಇರಲಿ.

3. ಪೆಟ್ಟು ಬೀಳುತ್ತದೆಯೇ?
ಕೊಡಲಿ, ಗುದ್ದಲಿಯ ಕಾವಿಗೆ ಅಂಟು ನಂಬಬೇಡಿ. ಅಲ್ಲಿ ಬೆಣೆಯೇ ಬೇಕು. ಮುರಿದ ನೊಗಕ್ಕೂ ಅಂಟು ಹಚ್ಚಿ ಎತ್ತು ಹೂಡಬೇಡಿ, ಹೊಸದು ಮಾಡಿಸಿ. ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಅಂಟು ಪೆಟ್ಟಿಗೆ ಚಟ್ಟನೆ ಬಿಡುತ್ತದೆ.

ಅಂಟು ಸರಿಯಿದ್ದರೂ ಕೆಲಸ ಕೆಡುವುದು ಅವಸರದಿಂದ. ಹಸಿ ಕಟ್ಟಿಗೆ, ಧೂಳು, ಎಣ್ಣೆ, ಹಳೆ ಬಣ್ಣದ ಮೇಲೆ ಅಂಟು ನಿಲ್ಲದು. ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಸಾಗವಾನಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಹತ್ತರಿ ಹೊಡೆದ ಕೂಡಲೇ ಹಚ್ಚಿ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ಕೋಲು ತಿರುವಿ ಬಿಗಿಯಿರಿ. 24 ತಾಸು ಭಾರ ಹಾಕಬೇಡಿ.

ಹೊಸ ಡಬ್ಬಿ ತಂದರೆ ನಾನು ಈಗ ಒಂದು ಪರೀಕ್ಷೆ ಮಾಡುತ್ತೇನೆ. ಎರಡು ಚೂರು ಕಟ್ಟಿಗೆ ಅಂಟಿಸಿ, ಮೂರು ದಿನ ಒಣಗಿಸಿ, ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಬೆಳಿಗ್ಗೆ ಮುರಿಯಿರಿ. ಕಟ್ಟಿಗೆಯೇ ಸೀಳಿದರೆ ಅಂಟು ಗೆದ್ದಿತು. ಅಂಟಿನ ಗೆರೆಯಲ್ಲೇ ಬಿಟ್ಟರೆ ಅದನ್ನು ಮನೆಯೊಳಗಿನ ಕೆಲಸಕ್ಕೆ ಇಡಿ.

ಈ ರಿಪೇರಿಯೆಲ್ಲ ಬೇಸಿಗೆಯಲ್ಲೇ ಮುಗಿಸಿ. ಹದ ಬಂದ ಮೇಲೆ ಅಂಟು ಒಣಗಲಿ ಅಂತ ಕಾಯೋಕೆ ಆಗೋದಿಲ್ಲ.